ಢೋಲಿಗೆ ಕುಣಿಯುತ್ತಿದ್ದ ಮುದುಕಿ

ನಮ್ಮ ಮುದಿ ಕುದುರೆ ಮೊದಲ ಸಲ ಕುಣಿದಾಗ ನಾನು ಚಪ್ಪಾಳೆ ತಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ನನ್ನನ್ನು ದಯಾಳು ಅಂದುಕೊಳ್ಳುವುದು ಬೇಡ.

ವಡೋದರಾದಲ್ಲಿ ರೈಲ್ವೆ ನೌಕರಿ ಮುಗಿಸಿ, ಧಾರವಾಡಕ್ಕೆ ಮರಳುವ ಮಾತನ್ನು ವರ್ಷವರ್ಷವೂ ಮುಂದೂಡುತ್ತ, ಊರ ಹೊರಗೆ ಸಣ್ಣ ಮನೆ ಕಟ್ಟಿಸಿಕೊಂಡು ಕೂತವರು ನಾವು. ಪಕ್ಕದ ಜಾಗದಲ್ಲಿ ಒಬ್ಬ ಮುದುಕ ಮದುವೆ ಮೆರವಣಿಗೆಗೆ ಕುದುರೆ ಒದಗಿಸುತ್ತಿದ್ದ. ಅವನಿಗೆ ಕಣ್ಣು ಕಾಣದಂತಾದಾಗ ಮಕ್ಕಳು ಎಳೆಯ ಕುದುರೆಗಳನ್ನೆಲ್ಲ ಮಾರಿದರು. ಇಪ್ಪತ್ತು ದಾಟಿದ ಬಿಳಿ ಹೆಣ್ಣುಕುದುರೆಯೊಂದು ಯಾರಿಗೂ ಬೇಡವಾಗಿ ಉಳಿಯಿತು. ಅದನ್ನು ಹೈವೇಗೆ ಬಿಟ್ಟುಬರುವ ಮಾತು ಕಿವಿಗೆ ಬಿದ್ದದ್ದರಿಂದ ನಾನೇ ತಂದು ನಮ್ಮ ಕಾಂಪೌಂಡಿನಲ್ಲಿ ಕಟ್ಟಿದೆ. "ರಿಟೈರ್ ಆದಮ್ಯಾಲೆ ಮಂದಿ ಹೂವಿನ ಗಿಡಾ ಹಚ್ಚತಾರ, ನೀವು ಕುದುರಿ ತಂದ್ರಿ" ಎಂದಳು ಹೆಂಡತಿ. ಮುದುಕಿ ಎಂದು ಕರೆಯಲು ಶುರುಮಾಡಿದವಳೂ ಅವಳೇ.

ತುಳಸಿ ಮದುವೆ ಆಗುತ್ತಲೇ ಇಲ್ಲಿ ಮನುಷ್ಯರ ಮದುವೆಗಳೂ ಶುರುವಾಗುತ್ತವೆ. ನಮ್ಮ ಮನೆಯಿಂದ ಇನ್ನೂರು ಹೆಜ್ಜೆಗೆ ಒಂದು ಪಾರ್ಟಿ ಪ್ಲಾಟ್, ಅಂದರೆ ಮದುವೆಗೆ ಬಾಡಿಗೆ ಕೊಡುವ ಮೈದಾನ. ಆ ವರ್ಷದ ಮೊದಲ ಢೋಲು ಕೇಳಿದ್ದೇ ತಡ, ಮುದುಕಿ ಮುಂಗಾಲುಗಳನ್ನು ಒಂದೊಂದಾಗಿ ಮೇಲೆತ್ತಿ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕತೊಡಗಿದಳು. ಅಕ್ಕಪಕ್ಕದವರು ಮೊಬೈಲ್ ಹಿಡಿದು ಬಂದರು. ಹಳೆಯ ದಿನಗಳನ್ನು ನೆನೆದು ಖುಷಿಪಡುತ್ತಿದ್ದಾಳೆ ಎಂದು ಯಾರೋ ಅಂದರು, ನಾನೂ ಹೌದೆಂದೆ. ಮರುದಿನ ಆ ಮುದುಕನಿಗೆ ಇದನ್ನು ಹೆಮ್ಮೆಯಿಂದ ಹೇಳಲು ಹೋದೆ. ಅದು ಖುಷಿಯಲ್ಲ ಸಾಹೇಬ್ ಎಂದ ಅವನು. ಢೋಲು ಬಡಿಸುತ್ತ, ಮೊಣಕಾಲಿಗೆ ಕೋಲಿನಿಂದ ಹೊಡೆಯುತ್ತ ಕಲಿಸಿದ ಕುಣಿತವಂತೆ. ಕಾಲೆತ್ತದಿದ್ದರೆ ಏಟು ಬೀಳುತ್ತದೆಂದು ಅದು ಈಗಲೂ ನಂಬಿದೆಯಂತೆ. ಹೊಡೆದವನು ಅವನೇ.

ಅಂದಿನಿಂದ ನನ್ನ ದಿನಚರಿ ಅವಳ ಹೆದರಿಕೆಯ ಸುತ್ತ ತಿರುಗಿತು. ದವಡೆ ಹಲ್ಲು ಸವೆದು ಒಣಹುಲ್ಲನ್ನು ಉಂಡೆಮಾಡಿ ಉಗುಳುತ್ತಿದ್ದಳು, ಅದಕ್ಕೇ ಬೂಸಾ ನೆನೆಸಿ ಗಂಜಿಯಂತೆ ಮಾಡಿ ಕೊಡುತ್ತಿದ್ದೆ. ಬೆಳಿಗ್ಗೆ ಎದ್ದು ಗೊರಸು ಮುಟ್ಟಿ, ಒಳಗೆ ಬಾವು ಬಂದು ಬಿಸಿಯೇರಿದೆಯೇ ಎಂದು ನೋಡುವುದು, ಆಮೇಲೆ ನನ್ನ ಬಿ.ಪಿ. ಗುಳಿಗೆ. ದನದ ಡಾಕ್ಟರು ಹೇಳಿದಂತೆ ಕಾಂಕ್ರೀಟಿನ ಮೇಲೆ ಮರಳು ಹಾಸಿದೆವು. ಒಂಟಿಯಾಗಿದ್ದರೆ ಭಯ ಹೆಚ್ಚು ಎಂದಿದ್ದಕ್ಕೆ ಒಂದು ಆಡನ್ನೂ ತಂದು ಜೊತೆಗೆ ಬಿಟ್ಟೆವು. ಮದುವೆಯಿದ್ದ ದಿನ ಮೆರವಣಿಗೆಗೆ ಮುಂಚೆಯೇ ಅವಳ ಕಿವಿಗೆ ಹತ್ತಿ ತುರುಕಿ, ಕಾಲುವೆ ದಂಡೆಗುಂಟ ಸದ್ದು ಕೇಳದಷ್ಟು ದೂರ ನಡೆಸಿಕೊಂಡು ಹೋಗುತ್ತಿದ್ದೆ. ಮೂವತ್ತು ವರ್ಷದಲ್ಲಿ ತನ್ನನ್ನು ಒಮ್ಮೆಯೂ ಹೀಗೆ ವಾಕಿಂಗಿಗೆ ಕರೆದೊಯ್ದಿಲ್ಲವೆಂದು ಹೆಂಡತಿ ಚುಚ್ಚುತ್ತಿದ್ದಳು. ಹೀಗೆ ಎರಡು ಚಳಿಗಾಲ ಕಳೆದವು.

ಮೂರನೆಯ ವರ್ಷ ಮಗಳ ಮದುವೆ ಗೊತ್ತಾಯಿತು. ಹುಡುಗ ಗುಜರಾತಿ, ಸೂರತ್‌ನ ಅಡಾಜಣ್ ಕಡೆಯವನು. ಮನೆಗೆ ಹತ್ತಿರವೆಂದು ಅದೇ ಪಾರ್ಟಿ ಪ್ಲಾಟ್ ಹಿಡಿದೆ, ಆ ವರ್ಷ ಅಲ್ಲಿ ಮೊದಲ ಮದುವೆ ನಮ್ಮದೇ. ಅಂದು ಯಾರನ್ನಾದರೂ ಜೊತೆಮಾಡಿ ಮುದುಕಿಯನ್ನು ಕಾಲುವೆಗೆ ಕಳಿಸಿದರಾಯಿತು ಎಂದುಕೊಂಡಿದ್ದೆ. ಮದುವೆಗೆ ಹದಿನೈದು ದಿನ ಇರುವಾಗ ಅವಳ ಮುಂಗಾಲಿನ ಎರಡೂ ಗೊರಸು ಕೆಂಡದಂತೆ ಕಾಯ್ದವು. ಒಂದು ಹೆಜ್ಜೆಯನ್ನೂ ನಡೆಸಬೇಡಿ, ಲಾರಿಗೂ ಹತ್ತಿಸಬೇಡಿ ಎಂದರು ಡಾಕ್ಟರು. ಈ ಕಾಲಿನ ಮೇಲೆ ಕುಣಿದರೆ ಗೊರಸಿನೊಳಗಿನ ಎಲುಬು ಕಳಚಿಕೊಳ್ಳುತ್ತದೆ, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು.

ಹಾಗಾಗಿ ಉಳಿದದ್ದು ಒಂದೇ ದಾರಿ. ಢೋಲನ್ನು ಹೈವೇ ತಿರುವಿನಲ್ಲೇ ನಿಲ್ಲಿಸಿ ಬನ್ನಿ ಎಂದು ಬೀಗರಿಗೆ ಹೇಳುವುದು. ಹೆಂಡತಿ ಮೂರು ಸಲ ನೆನಪಿಸಿದಳು. "ನಾನ ಅವರಿಗೆ ಹೇಳ್ತೀನಿ ಅಪ್ಪಾ, ಅವರೇನೂ ತಪ್ಪು ತಿಳ್ಕೊಳ್ಳಂಗಿಲ್ಲ" ಎಂದಳು ಮಗಳು. "ಅದು ಹಿರೇರು ಆಡೋ ಮಾತು. ನಾ ಹೇಳ್ತೀನಿ" ಎಂದು ಅವಳ ಬಾಯಿ ಮುಚ್ಚಿಸಿದೆ. ಬೀಗರಿಗೆ ದಿನವೂ ಫೋನ್ ಮಾಡುತ್ತಿದ್ದೆ. ಊಟದ ಮಾತು, ಇಳಿದುಕೊಳ್ಳುವ ರೂಮಿನ ಮಾತು ಎಲ್ಲ ಆಗುತ್ತಿತ್ತು. ಇದೊಂದು ಮಾತು ಮಾತ್ರ ತುದಿನಾಲಿಗೆಗೆ ಬಂದು ಒಳಗೆ ಹೋಗುತ್ತಿತ್ತು. ಹೆಣ್ಣು ಹೆತ್ತವನು ಬೀಗರಿಗೆ ಇಂಥದ್ದು ಬೇಡ ಎನ್ನಬಾರದು ಎಂಬುದು ನಮ್ಮಪ್ಪ ಅಕ್ಕಂದಿರ ಮದುವೆ ಮಾಡುವಾಗ ನಾನು ನೋಡಿ ಕಲಿತ ಪಾಠ. ಒಂದು ಮುದಿ ಕುದುರೆಗಾಗಿ ಅವರ ಒಬ್ಬನೇ ಮಗನ ಮೆರವಣಿಗೆ ಸದ್ದಿಲ್ಲದೆ ಬರಲಿ ಎನ್ನುವುದೇ? ನಾನು ಹೆದರಿದ್ದೆ, ಅಷ್ಟೆ.

ಮದುವೆಯ ದಿನ ಮುದುಕಿಯ ಕಿವಿಗೆ ಹತ್ತಿ ತುರುಕಿ, ಶೆಡ್ಡಿನ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ರೇಷ್ಮೆ ಪೇಟ ಸುತ್ತಿಕೊಂಡು ಪಾರ್ಟಿ ಪ್ಲಾಟಿನ ಗೇಟಿನಲ್ಲಿ ನಿಂತೆ. ಸಂಜೆ ಐದಕ್ಕೆ ನಾಲ್ಕು ಢೋಲುಗಳು ಬಂದವು. ಗೇಟಿನ ಮುಂದೆ ಮುಕ್ಕಾಲು ಗಂಟೆ ಬಾರಿಸಿದರು. ಕೈಮುಗಿದುಕೊಂಡೇ ನಿಂತಿದ್ದೆ, ನಗುತ್ತಲೂ ಇದ್ದೆ. ಹುಡುಗನ ತಂದೆ ಪ್ರೀತಿಯಿಂದ ಕೈಹಿಡಿದು ಎಳೆದರು, ನಾಲ್ಕು ಹೆಜ್ಜೆ ನಾನೂ ಕುಣಿದೆ. ಇನ್ನೂರು ಹೆಜ್ಜೆ ದೂರದಲ್ಲಿ ಏನಾಗುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಾರೆ.

ಮಗಳನ್ನು ಕಳಿಸಿಕೊಟ್ಟು ಬಂದಾಗ ಮುದುಕಿ ಮರಳಿನ ಮೇಲೆ ಅಡ್ಡಬಿದ್ದಿದ್ದಳು. ಮೈಯೆಲ್ಲ ಬೆವರು. ಕಾಲು ತುಳಿದು ತುಳಿದು ಮರಳು ಸರಿದು ಕಾಂಕ್ರೀಟು ಕಾಣುತ್ತಿತ್ತು. ಆಡು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬೆಳಿಗ್ಗೆ ಬಂದ ಡಾಕ್ಟರು ಗೊರಸನ್ನು ಮುಟ್ಟಿದವರೇ ತಲೆಯಾಡಿಸಿ ಕೊನೆಯ ಇಂಜೆಕ್ಷನ್ ತೆಗೆದರು. ನಾನು ಅವಳ ಕುತ್ತಿಗೆ ಹಿಡಿದು ಕೂತಿದ್ದೆ. ಸೂಜಿಗೆ ಅವಳು ಹೆದರಲಿಲ್ಲ. ಆ ಮಧ್ಯಾಹ್ನ ಮುದುಕಿ ಹೇಗಿದ್ದಾಳೆಂದು ಮಗಳು ಫೋನಿನಲ್ಲಿ ಕೇಳಿದಾಗ, ಆರಾಮ ಅದಾಳ ಎಂದೆ.

ತಿಂಗಳ ಮೇಲೆ ಬೀಗರು ಮಗ ಸೊಸೆಯ ಜೊತೆ ಮನೆಗೆ ಬಂದರು. ಅಷ್ಟರಲ್ಲಿ ಮಗಳಿಗೆ ಅವಳ ಅವ್ವನಿಂದ, ಮಗಳಿಂದ ಬೀಗರಿಗೂ ಎಲ್ಲ ಗೊತ್ತಾಗಿತ್ತು, ಮಗಳು ನನ್ನ ಮುಖ ನೋಡಲಿಲ್ಲ. ಬೀಗರು ಖಾಲಿ ಶೆಡ್ಡಿನ ಮುಂದೆ ನಿಂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದರು. ಒಳಗೆ ಬಂದು ಕೂತು, ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ಒಂದು ಮಾತು ಹೇಳಿದ್ದರೆ ತಿರುವಿನಲ್ಲೇ ನಿಲ್ಲಿಸಿಬಿಡುತ್ತಿದ್ದೆ. ನನ್ನ ತಾಯಿಗೂ ಆ ಸದ್ದು ಆಗುವುದಿಲ್ಲ, ಎದೆ ಹಿಡಿಯುತ್ತದೆ. ಹುಡುಗಿಯ ಮನೆಯವರಿಗೆ ಕಡಿಮೆ ಅನ್ನಿಸಬಾರದೆಂದು ನಾಲ್ಕು ಢೋಲು ತರಿಸಿದ್ದೆ."

ನನಗೆ ಸತ್ತುಹೋಗುವಷ್ಟು ನಾಚಿಕೆಯಾಯಿತು. ಆದರೂ ಬಾಯಿಂದ ಬಂದದ್ದು, ಚಹಾ ತಣ್ಣಗಾಗುತ್ತಿದೆ, ತೆಗೆದುಕೊಳ್ಳಿ ಎಂಬ ಮಾತು.