‘ಮತ್ತೆ’ ಎಂದು ಟೈಪ್ ಮಾಡಿದ ದಿನ

2004ರಲ್ಲಿ ನಾನು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಸಿಸ್ಟಮ್ ಎಂಜಿನಿಯರ್. ಲಿನಕ್ಸ್ ಯಂತ್ರಗಳು, ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು. ಅಧಿಕಾರ ಸಾಲದಿದ್ದರೆ ‘ಅನುಮತಿ ಇಲ್ಲ’ ಎಂಬ ಉತ್ತರ. ಅದೇ ಕಮಾಂಡಿನ ಆರಂಭಕ್ಕೆ ‘ಸುಡೊ’ ಸೇರಿಸಿ ಪುನಃ ಕೊಟ್ಟರೆ ಅಡ್ಮಿನ್ ಅಧಿಕಾರದಲ್ಲಿ ನಡೆಯುತ್ತದೆ. ಉದ್ದುದ್ದ ಕಮಾಂಡನ್ನು ಎರಡೆರಡು ಸಲ ಯಾರು ಬರೆಯುತ್ತಾರೆ, ಮಾರಾಯರೇ! ‘ಮತ್ತೆ’ ಎಂಬ ಪುಟ್ಟ ಪ್ರೋಗ್ರಾಮು, ಶೆಲ್ ಫಂಕ್ಷನ್ ಅನ್ನುತ್ತಾರೆ, ಬರೆದುಕೊಂಡಿದ್ದೆ. ಹಾಗೆಂದು ಟೈಪ್ ಮಾಡಿದರೆ ಸಾಕು, ಹಿಂದಿನ ಕಮಾಂಡ್ ಸುಡೊ ಸಮೇತ ಓಡುತ್ತಿತ್ತು. ಅದರ ಬಗ್ಗೆ ನನಗೆ ಭಾರಿ ಜಂಬವಿತ್ತು.

ಅಂದು ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯಲ್ಲಿ ಜಾತಿ ಪ್ರಮಾಣಪತ್ರಗಳ ಪ್ರಿಂಟ್ ನಿಂತಿತ್ತು. ಪ್ರಿಂಟ್ ಫೋಲ್ಡರನ್ನು ಯಾರು ಬಳಸಬಹುದೆಂಬ ಅನುಮತಿ ಬದಲಿಸಲು, ತೆರೆದಿರುವ ಫೋಲ್ಡರಿಗೆ ಅನ್ವಯಿಸುವ ಕಮಾಂಡ್ ಕೊಟ್ಟೆ. ‘ಅನುಮತಿ ಇಲ್ಲ.’ ಕೈ ತಾನಾಗಿ ‘ಮತ್ತೆ’ ಎಂದು ಒತ್ತಿತು. ಆಮೇಲೆ ನೋಡುತ್ತೇನೆ, ನಾನಿದ್ದದ್ದು ಪ್ರಿಂಟ್ ಫೋಲ್ಡರಿನಲ್ಲಲ್ಲ, ಸಿಸ್ಟಮ್ಮಿನ ಪ್ರೋಗ್ರಾಮುಗಳ ಫೋಲ್ಡರಿನಲ್ಲಿ! ಅವೆಲ್ಲವುಗಳ ಅನುಮತಿ ಬದಲಾಗಿ, ಸುಡೊ ತನ್ನ ಅಧಿಕಾರವನ್ನೇ ಕಳೆದುಕೊಂಡಿತ್ತು. ಅದನ್ನು ಸರಿಪಡಿಸಲು ಸುಡೊನೇ ಬೇಕು. ಅಡ್ಮಿನ್ ಪಾಸ್‌ವರ್ಡ್ ಬಳ್ಳಾರಿಯ ಜಿಲ್ಲಾ ಕಚೇರಿಯಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ. ಅಲ್ಲಿ ಫೋನ್ ಎತ್ತುವವರಿಲ್ಲ. ಕೀಲಿಯನ್ನು ಒಳಗೇ ಬಿಟ್ಟು ಕೈಯಾರೆ ಬಾಗಿಲು ಹಾಕಿಕೊಂಡಂತಾಗಿತ್ತು.

ಕಿಟಕಿಯಾಚೆ ಹಂಪಸಾಗರದ ರೇಣುಕಮ್ಮ. ಮಗಳಿಗೆ ನರ್ಸಿಂಗ್ ಸೀಟು ಬಂದಿತ್ತು. ಮರುದಿನ ಬೆಳಿಗ್ಗೆ ಬಳ್ಳಾರಿಯಲ್ಲಿ ಜಾತಿ ಪ್ರಮಾಣಪತ್ರ ತೋರಿಸಬೇಕು.

“ನಾಕಕ್ಕ ಬಳ್ಳಾರಿ ಬಸ್ ಐತ್ರಿ ಸಾರ್. ಅದು ತಪ್ಪಿದ್ರ ಹುಡುಗಿ ಸೀಟು ಹೋಗ್ತೈತ್ರಿ.”

“ಆಗ್ತೈತಿ, ಕುಂದರ್ರಮ್ಮಾ,” ಎಂದೆ. ಶುದ್ಧ ಸುಳ್ಳು.

ಮೂರಾಯಿತು. ಪಕ್ಕದ ಕುರ್ಚಿಯ ಆಪರೇಟರ್ ಖಾಜಾ, ನನಗಿಂತ ಹಿರಿಯರು, ಆಕೆಯ ಮುಖವನ್ನೊಮ್ಮೆ ನೋಡಿ ಹತ್ತಿರ ಬಂದರು.

“ಬೈಬ್ಯಾಡ್ರಿ ಸಾರ್. ನಿನ್ನಿ ನೀವು ಎರಡನೇ ಸ್ಕ್ರೀನಿನ್ಯಾಗ ಸುಡೊ ಹಾಕಿ ಅಡ್ಮಿನ್ ಆಗಿ ಕೆಲ್ಸ ಮಾಡಿದ್ರಲ್ಲ, ಲಾಗೌಟ್ ಮಾಡ್ರಿ ಅಂದಿದ್ರಿ. ಮರ್ತೀನ್ರಿ. ಅದು ಇನ್ನೂ ಹಂಗ ತೆರದೈತಿ.”

“ಇಷ್ಟೊತ್ತು ಯಾಕ ಹೇಳ್ಲಿಲ್ರಿ?”

“ಹೋದ ತಿಂಗ್ಳ ಹಿಂಗ ಲಾಗೌಟ್ ಮರ್ತಿದ್ದಕ್ಕ ಎಲ್ಲಾರ ಮುಂದ ಬೈದಿದ್ರಲ್ರಿ.”

ನಾಚಿಕೆ ನುಂಗಿ ಎರಡನೇ ಸ್ಕ್ರೀನಿಗೆ ಹೋದೆ, ನಿನ್ನೆಯ ಅಡ್ಮಿನ್ ಅಧಿಕಾರ ಅಲ್ಲಿ ಹಾಗೇ ಇತ್ತು. ಆ ಸ್ಕ್ರೀನಿನಿಂದಲೇ ಮೊದಲು ಸುಡೊಗೆ ಅಧಿಕಾರ ಮರಳಿಸಿದೆ, ಆಮೇಲೆ ಉಳಿದದ್ದನ್ನು ಸರಿಪಡಿಸಿ ಪ್ರಿಂಟ್ ಶುರುಮಾಡಿದೆ. ಮೂರೂವರೆಗೆ ರೇಣುಕಮ್ಮ ಪತ್ರವನ್ನು ಸೆರಗಿನೊಳಗೆ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದರು.

ಅಂದೇ ಫಂಕ್ಷನ್ ತಿದ್ದಿದೆ: ಯಾವ ಕಮಾಂಡ್, ಯಾವ ಫೋಲ್ಡರ್ ಎಂದು ತೋರಿಸಿ, ಒಪ್ಪಿಗೆ ಕೇಳಿಯೇ ಓಡಬೇಕು. ಯಂತ್ರ ‘ಇಲ್ಲ’ ಎಂದಾಗ ಒಂದು ಗಳಿಗೆ ನಿಲ್ಲುವುದನ್ನು ಹಾಗೆ ಕಲಿತೆ. ಆದರೆ ಬೆಳಗಿನಿಂದ ದಾರಿ ಗೊತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಬಾಯಿ ಕಟ್ಟಿದ್ದು ನಾನು. ಆಮೇಲೆ ಯಾರನ್ನೂ ನಾಲ್ಕು ಜನರ ಮುಂದೆ ಬೈದಿಲ್ಲ.