ಏಳನೆಯ ಫ್ರೆಟ್ಟಿನ ತಗ್ಗು

ಹಳೆಯ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕಿದೆ ಎಂದು ತಿಳಿದು ಆಳಂದದಿಂದ ಜೇವರ್ಗಿಗೆ ಹೋಗಿದ್ದೆ. ಮಾರುವವನು ಅದನ್ನು ಹಾಸಿಗೆಯ ಮೇಲಿಟ್ಟು, "ಮಗಳು ಎರಡು ತಿಂಗಳು ಕಲ್ತು ಬಿಟ್ಟಾಳ್ರಿ. ಹೊಸಾದ ಅನ್ರಿ" ಎಂದ. ನನ್ನ ದಿನಚರಿಯಲ್ಲಿ ಹಾಗೆಂದೇ ಇದೆ. ಆದರೆ ಬರೆದದ್ದು ಅನುಮಾನ ಬಂದ ಮೇಲೆ. ಮಾತು ತುಸು ಬದಲಾಗಿರಲೂಬಹುದು.

ಗಿಟಾರಿನ ಕೊರಳಿನ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ ಮೇಲೆ ಉಗುರು ಎಳೆದೆ. ಕಲಿಯುವವರು ಸವೆಸುವುದು ಮೊದಲ ಮೂರನ್ನು. ಅವು ನುಣುಪಾಗಿಯೇ ಇದ್ದವು. ಏಳನೆಯದರಲ್ಲಿ, ತೆಳು ತಂತಿಯ ಕೆಳಗೆ ಮಾತ್ರ, ಉಗುರು ಸಿಕ್ಕಿಕೊಂಡಿತು. ನಮ್ಮ ಕಡೆ ಮದುವೆ ಬ್ಯಾಂಡಿನವರು ಗಿಟಾರನ್ನೂ ಗುಂಡಿ ಒತ್ತಿ ನುಡಿಸುವ ಬ್ಯಾಂಜೊದಂತೆ ನುಡಿಸುತ್ತಾರೆ, ಇಡೀ ಹಾಡು ಒಂದೇ ತಂತಿಯ ಮೇಲೆ. ಈ ತಗ್ಗು ಹಾಡಿನ ಪ್ರತಿ ಸಾಲೂ ಬಂದು ನಿಂತ ಜಾಗವಿರಬೇಕು.

"ಬ್ಯಾಂಡಿನ್ಯಾಗ ಬಾರ್ಸೀರೇನ್ರಿ?"

"ಇಲ್ಲ ಬಿಡ್ರಿ. ಹೆಣ್ಣ ನೋಡಾಕ ಬಂದಂಗ ನೋಡಾಕತ್ತೀರಲ್ಲ!"

ಅವನೇ ಗಿಟಾರ್ ಎತ್ತಿಕೊಂಡು ಏಳನೆಯದನ್ನು ಒತ್ತಿ ಮೀಟಿದ. ನಾದ ಶುದ್ಧವಾಗಿತ್ತು, ಆದರೆ ಸ್ವರ ಕೂದಲೆಳೆಯಷ್ಟು ಏರಿತ್ತು. ಬೆರಳು ತಂತಿಯನ್ನು ತಗ್ಗಿನಿಂದ ಪಕ್ಕಕ್ಕೆ ಸರಿಸಿ ಒತ್ತುತ್ತಿತ್ತು. ಆ ತಗ್ಗಿನ ಪರಿಚಯ ಬೆರಳಿಗೆ ವರ್ಷಗಳಿಂದ ಇದ್ದಂತಿತ್ತು.

"ಸರಿಸದಂಗ ಒತ್ರಿ."

ಒತ್ತಿದ. ತಂತಿ ಮುಂದಿನ ಪಟ್ಟಿಗೆ ಜುಂಯ್ ಎಂದು ಬಡಿದುಕೊಂಡಿತು. ಅವನು ನಕ್ಕುಬಿಟ್ಟ.

"ಹೌದ್ರಿ, ಹತ್ತು ವರ್ಷ ಬ್ಯಾಂಡಿನ್ಯಾಗ ಬಾರ್ಸೇನಿ. ಮದ್ಲೇ ಹೇಳಿದ್ರ ನೀವು ಬರ್ತಿದ್ರೇನ್ರಿ?"

ಗಿಟಾರ್ ಕೊಳ್ಳದೆ ಎದ್ದು ಬಂದೆ. ನಿಜ ಹೇಳಿದ್ದರೆ ಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ. ದಿನಚರಿಯ ಆ ದಿನದ ಪುಟದಲ್ಲಿ ಮಾತ್ರ ಅಂಥ ಮಾತೇ ಇಲ್ಲ.