ಕಾಲಿಗೆ ಕಟ್ಟಿದ ಹಗ್ಗ

ನೈಲ್ ನದಿಯ ದೋಣಿಗಳಲ್ಲಿ ಹುಟ್ಟಿದ ಮಗು ಅಂಬೆಗಾಲಿಟ್ಟ ದಿನವೇ ಅದರ ಕಾಲಿಗೆ ಹಗ್ಗ ಬೀಳುತ್ತದೆ. ಈಜು ಕಲಿತ ಮೇಲೆ ಬಿಚ್ಚುತ್ತಾರೆ. ಗೀಝಾದ ಸೇತುವೆಯ ಕೆಳಗೆ ದೋಣಿಯಲ್ಲೇ ಸಂಸಾರ ಮಾಡುವ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಪ್ಪತ್ತಾರು ವರ್ಷದ ಮುದುಕಿಯ ಕಾಲಿಗೆ ಹಗ್ಗ ಕಟ್ಟಿದವಳು ಇನ್ಶಿರಾಹ್ ಒಬ್ಬಳೇ.

ಮುದುಕಿ ಅವಳ ಅತ್ತೆ, ನಗಿಯ್ಯಾ. ಆರು ಮಕ್ಕಳನ್ನು ದೋಣಿಯಲ್ಲೇ ಸಾಕಿ ಒಂದನ್ನೂ ನೀರಿಗೆ ಕೊಡದವಳೆಂದು ದಡದುದ್ದಕ್ಕೂ ಹೆಸರಾಗಿದ್ದವಳು. ಇನ್ಶಿರಾಹ್ ಸೊಪ್ಪು ಮಾರುವವನ ಮಗಳು. ಮದುವೆಯಾಗಿ ಬಂದಾಗ ಅವಳಿಗೆ ಹುಟ್ಟು ಹಿಡಿಯಲೂ ಬರುತ್ತಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಅವಳ ಅಂಗೈ ಒಣರೊಟ್ಟಿಯಂತೆ ಗಟ್ಟಿಯಾಯಿತು. ಹತ್ತು ಮೊಳದ ದೋಣಿಯೊಳಗೆ ಅಡುಗೆ, ಬಾಣಂತನ, ಜಗಳ ಎಲ್ಲವೂ ಆದವು. ಇಬ್ಬರು ಮಕ್ಕಳು ಬೆಳೆದು ಬೇರೆ ದೋಣಿ ಸೇರಿದರು. ಗಂಡ ಬಯೂಮಿ, ಅವಳು, ಅತ್ತೆ ಉಳಿದರು.

ಎರಡು ವರ್ಷಗಳಿಂದ ನಗಿಯ್ಯಾಳ ನೆನಪು ಸೋರಿಹೋಗುತ್ತಿತ್ತು. ಬೆಳಗಾದರೆ ಸೊಸೆಯನ್ನೇ ಕೇಳುವಳು:

"ಏ ಹುಡುಗಿ, ನೀನ್ಯಾರ ಮಗಳು?"

"ನಿನ್ನ ಸೊಸೆ ಕಣಮ್ಮ. ಬಯೂಮಿ ಹೆಂಡ್ತಿ."

"ಅಯ್ಯೋ, ಅವನಿಗೆ ಇದಕ್ಕಿಂತ ಒಳ್ಳೇದು ಸಿಕ್ತಿತ್ತಲ್ಲೇ!"

ಬಯೂಮಿ ಬಲೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ. ಆದರೆ ರಂಜಾನಿನ ಒಂದು ಮಧ್ಯಾಹ್ನ ಮುದುಕಿ ಎದ್ದು, ಸಂತೆಗೆ ಹೊರಟವಳಂತೆ ತಲೆವಸ್ತ್ರ ಸರಿಪಡಿಸಿಕೊಂಡು, ದೋಣಿಯ ಅಂಚಿನಿಂದ ನೇರ ನೀರಿಗೆ ಹೆಜ್ಜೆಯಿಟ್ಟಳು. ಬಯೂಮಿ ಹಾರಿ ಎಳೆದು ತಂದ. ಅಂದಿನಿಂದ ಅವನ ನಗು ನಿಂತಿತು.

ಸುದ್ದಿ ತಿಳಿದು, ಬಯೂಮಿಯ ತಂಗಿ ಕವಾಕಿಬ್ ದಡಕ್ಕೆ ಬಂದಳು. ಅವಳು ನೆಲದವನನ್ನು ಮದುವೆಯಾಗಿ ಊರೊಳಗೆ ನಾಲ್ಕನೇ ಮಹಡಿಯಲ್ಲಿದ್ದಳು.

"ಅಮ್ಮನ್ನ ನನ್ನ ಜೊತೆ ಕಳಿಸು ಇನ್ಶಿರಾಹ್. ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಬೀಗ ಹಾಕ್ಕೊಂಡು ಹೋಗ್ತೀನಿ. ಜೀವ ಆದ್ರೂ ಉಳಿಯುತ್ತೆ."

"ಬೀಗ ಹಾಕಿ ಇಡೋದು ಆಡನ್ನ. ಅಲ್ಲದೆ ನಿನ್ನ ಮಹಡಿಯಿಂದ ಬಿದ್ರೆ ಕೆಳಗೆ ನೀರೂ ಇಲ್ಲ."

"ನಾಲಿಗೆ ಒಂದಿದೆ ನಿನಗೆ! ನಾಳೆ ಅಮ್ಮ ಮುಳುಗಿದ್ರೆ ಆ ನಾಲಿಗೆ ಹಾಕಿ ಎತ್ತುತ್ತೀಯಾ?"

"ಈ ದೋಣಿಯಿಂದ ಯಾರೂ ಮುಳುಗಿಲ್ಲ. ಮುಳುಗೋದೂ ಇಲ್ಲ."

ಬಯೂಮಿ ಬಲೆಯ ಹರುಕು ಹೊಲಿಯತೊಡಗಿದ. ಕವಾಕಿಬ್ ತಾನು ತಂದಿದ್ದ ಬ್ರೆಡ್ಡನ್ನೂ ಬೇಯಿಸಿದ ಅವರೆಯನ್ನೂ ಇಟ್ಟು ಹೊರಟುಹೋದಳು. ಆ ಸಂಜೆಯೇ ಇನ್ಶಿರಾಹ್ ಮಕ್ಕಳ ಹಗ್ಗ ಹುಡುಕಿ ತೆಗೆದಳು.

ಅತ್ತೆಯ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟತೊಡಗಿದಾಗ ನಗಿಯ್ಯಾ ಬಗ್ಗಿ ನೋಡಿದಳು. ಬಹಳ ದಿನಗಳ ಮೇಲೆ ಅವಳ ದನಿ ಖಚಿತವಾಗಿತ್ತು.

"ಕಿರುಬೆರಳು ಹೋಗೋಷ್ಟು ಜಾಗ ಬಿಡೇ. ಚರ್ಮ ಕೀಳುತ್ತೆ. ಹಾಂ, ಈಗ ಸರಿ. ಯಾರ ಮಗು ಇದು?"

"ನಿನ್ನದೇ."

"ಪಾದ ನೋಡು ಎಷ್ಟು ದೊಡ್ಡದು. ಒಳ್ಳೇ ಈಜುಗಾರ ಆಗ್ತಾನೆ."

ಹಗ್ಗದ ಇನ್ನೊಂದು ತುದಿಯನ್ನು ಇನ್ಶಿರಾಹ್ ತನ್ನ ಸೊಂಟಕ್ಕೇ ಕಟ್ಟಿಕೊಂಡಳು. ಅದಕ್ಕೆ ಕಾರಣವಿತ್ತು. ಹುಟ್ಟು ಎಳೆಯುವವಳು ದೋಣಿಯ ಹಿಂಭಾಗಕ್ಕೆ ಮುಖಮಾಡಿ ಕೂರುತ್ತಾಳೆ. ಅಲ್ಲಿ ಗಂಡ ನಿಂತು ಬಲೆ ಬೀಸುತ್ತಾನೆ. ದೋಣಿಯ ಮುಂತುದಿಯ ಮೂತಿಯಲ್ಲಿ ಕುಳಿತ ಮುದುಕಿ ಅವಳ ಬೆನ್ನಿಗಿದ್ದಳು. ಕಾಣದಿದ್ದರೂ ಹಗ್ಗದ ಎಳೆತದಿಂದ ಅತ್ತೆ ಇದ್ದಾಳೆಂದು ತಿಳಿಯುತ್ತಿತ್ತು. ಹುಟ್ಟಿನ ಪ್ರತಿ ಎಳೆತಕ್ಕೂ ಮುಂದೆ ಬಾಗಿದಾಗ ಹಗ್ಗ ಸೊಂಟವನ್ನು ಜಗ್ಗುವುದು. ಎಂಟು ತಿಂಗಳು ಹೀಗೇ ನಡೆಯಿತು. ಸುತ್ತಲಿನ ದೋಣಿಗಳವರು ಮೊದಲು ಛೀ ಎಂದರು, ಆಮೇಲೆ ಸುಮ್ಮನಾದರು.

ಚಳಿಗಾಲದ ಒಂದು ಬೆಳಿಗ್ಗೆ ದಟ್ಟ ಮಂಜಿತ್ತು. ಬಯೂಮಿ ಮೀನುಗಳನ್ನು ಬಲೆಯತ್ತ ಅಟ್ಟಲು ಕೋಲಿನಿಂದ ನೀರಿಗೆ ಬಡಿಯುತ್ತಿದ್ದ; ಆ ಬಡಿತದಲ್ಲಿ ನೀರಿನ ಬೇರೆ ಸದ್ದು ತಿಳಿಯುವಂತಿರಲಿಲ್ಲ. ಇನ್ಶಿರಾಹ್ ಬಲೆಯ ಸುತ್ತ ದೋಣಿ ತಿರುಗಿಸುತ್ತಿದ್ದಳು. ಹಗ್ಗ ಎಂದಿನಂತೆ ಜಗ್ಗುತ್ತಿತ್ತು.

"ಅಮ್ಮಾ, ಚಳಿಯಾಗ್ತಿದೆಯಾ?" ಎಂದಳು. ಉತ್ತರ ಬರಲಿಲ್ಲ. ಮುದುಕಿ ಅರ್ಧ ದಿನ ಮಾತಾಡದೇ ಇರುವುದು ಹೊಸದಲ್ಲ.

ಬಲೆ ಮೇಲೆ ಬಂದ ಮೇಲೆ ಅವಳು ತಿರುಗಿದಳು. ಹಗ್ಗ ಅವಳ ಸೊಂಟದಿಂದ ನೇರವಾಗಿ ಹೋಗಿ ಮೂತಿಯ ಕಬ್ಬಿಣದ ಬಳೆಗೆ ಬಿಗಿಯಾಗಿತ್ತು. ನಗಿಯ್ಯಾ ತನ್ನ ಕಾಲಿನ ಗಂಟು ಬಿಚ್ಚಿದ್ದಳು. ಬಿಚ್ಚಿದ ಹಗ್ಗವನ್ನು ದೋಣಿಯಲ್ಲಿ ಸಡಿಲ ಬಿಡಬಾರದೆಂದು, ಐವತ್ತು ವರ್ಷದ ರೂಢಿಯಂತೆ, ಬಳೆಗೆ ಕಟ್ಟಿಟ್ಟು ಹೋಗಿದ್ದಳು. ಅವಳ ಚಪ್ಪಲಿಗಳು ಪಕ್ಕದಲ್ಲಿ ಜೋಡಿಸಿಟ್ಟಂತಿದ್ದವು.

ಬಯೂಮಿ ಕತ್ತಲಾಗುವವರೆಗೂ ಮುಳುಗಿ ಹುಡುಕಿದ. ಮೂರನೆಯ ದಿನ ಹೆಣ ಕೆಳಗಿನ ಅಣೆಕಟ್ಟಿನ ಹತ್ತಿರ ಸಿಕ್ಕಿತು. ಅಲ್ಲಿ ಪೊಲೀಸನೊಬ್ಬ ಕಾಲಿನ ಸುತ್ತಲಿನ ಕಪ್ಪು ಗುರುತು ತೋರಿಸಿದ.

"ಮುದುಕೀನ ಕಟ್ಟಿ ಹಾಕಿದ್ರಾ?"

"ಕಟ್ಟಿದ್ದೆ," ಎಂದಳು ಇನ್ಶಿರಾಹ್. "ಸಾಕಾಗಲಿಲ್ಲ."

ಕವಾಕಿಬ್ ಮಣ್ಣಿಗೂ ಬಂದಳು, ಅತ್ತಳು. ನಾದಿನಿ ಅತ್ತಿಗೆಯರ ನಡುವೆ ಒಂದು ಮಾತೂ ಆಗಲಿಲ್ಲ. ಬೈದಿದ್ದರೆ ಇನ್ಶಿರಾಹ್‌ಗೆ ಹಗುರವಾಗುತ್ತಿತ್ತು.

ದೋಣಿಗೆ ಮರಳಿದ ಮೇಲೆ ಬಯೂಮಿ ಕೇಳಿದ.

"ಯಾವ ಗಂಟು ಹಾಕಿದ್ದೆ?"

"ಮಕ್ಕಳಿಗೆ ಹಾಕೋದು. ಅಮ್ಮ ಕಲಿಸಿದ್ದು. ನಂಗೆ ಬೇರೆ ಬರಲ್ಲ."

ಹೆಸರು, ಊರು, ಮಕ್ಕಳ ಮುಖ ಎಲ್ಲ ಮರೆತ ತಾಯಿಯ ಬೆರಳುಗಳು ಆ ಗಂಟನ್ನು ಮಾತ್ರ ಮರೆತಿರಲಾರವು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

"ನಂಗೆ ಬೇರೆ ಬರ್ತಿತ್ತು," ಎಂದ. "ನೀನು ಕೇಳಲಿಲ್ಲ. ನಾನೂ ನೋಡಲಿಲ್ಲ."

ಮರುದಿನ ಇನ್ಶಿರಾಹ್ ಅಡ್ಡಹಲಗೆಯ ಮೇಲೆ ಮೂತಿಯ ಕಡೆ ಮುಖಮಾಡಿ ಕೂತಳು. ಹಾಗೆ ಕೂತರೆ ಹುಟ್ಟನ್ನು ಎಳೆಯಲಾಗದು, ತಳ್ಳಬೇಕು. ದೋಣಿ ತೆವಳುತ್ತದೆ, ಬಲೆ ಬೀಳುವ ಹೊತ್ತಿಗೆ ಮೀನು ಜಾರಿರುತ್ತದೆ.

"ತಿರುಗಿ ಕೂತ್ಕೋ," ಎಂದ ಬಯೂಮಿ. "ಅಲ್ಲಿ ಯಾರೂ ಇಲ್ಲ."

"ಗೊತ್ತು," ಎಂದಳು. ತಿರುಗಲಿಲ್ಲ. ಅಂದು ಸಿಕ್ಕಿದ್ದು ನಾಲ್ಕು ಸಣ್ಣ ಮೀನು. ಅದರ ಮರುದಿನ ಮೂರು.